ಲಾಭ ಯಾವ ಊರಿನದು? ಆಪಲ್ ತಕರಾರನ್ನು ಬ್ಯಾಡಗಿಯಿಂದ ಓದುವುದು

ಬಹುರಾಷ್ಟ್ರೀಯ ಕಂಪನಿಯೊಂದು ಶೇ 1ಕ್ಕಿಂತ ಕಡಿಮೆ ತೆರಿಗೆ ಕಟ್ಟಿತು ಎಂಬ ಸುದ್ದಿ ಬಂದಾಗಲೆಲ್ಲ ಮಾತು ದರದ ಸುತ್ತಲೇ ಗಿರಕಿ ಹೊಡೆಯುತ್ತದೆ. ಐರ್ಲೆಂಡಿನ ದರ 12.5, ನಮ್ಮದು 25 ಚಿಲ್ಲರೆ, ಅದಕ್ಕೇ ಎಲ್ಲರೂ ಅಲ್ಲಿಗೆ ಓಡುತ್ತಾರೆ ಎನ್ನುವಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಯುರೋಪಿಯನ್ ನ್ಯಾಯಾಲಯದವರೆಗೆ ಹೋದ ತೆರಿಗೆ ತಕರಾರಿನ ಆಪಲ್ ಕಂಪನಿ ಐರ್ಲೆಂಡಿನಲ್ಲಿ ಆ 12.5 ಕೂಡ ಕಟ್ಟಿರಲಿಲ್ಲ. ಅದಕ್ಕಾಗಿ ಅಲ್ಲಿನ ಸರಕಾರ ದರ ಇಳಿಸಿಕೊಟ್ಟಿರಲೂ ಇಲ್ಲ. ದರ ಇದ್ದಲ್ಲೇ ಇತ್ತು, ಅದು ಬೀಳಬೇಕಾದ ಮೊತ್ತವನ್ನೇ ಸಣ್ಣದು ಮಾಡಲಾಗಿತ್ತು. ಈ ಒಂದು ಸಂಗತಿ ಹಿಡಿದರೆ ಲಕ್ಸೆಂಬರ್ಗ್‌ನ ಫಿಯಟ್, ಅಮೆಜಾನ್ ಪ್ರಕರಣಗಳೂ ಅರ್ಥವಾಗುತ್ತವೆ, ಹುಬ್ಬಳ್ಳಿಯಲ್ಲಿ ವಿದೇಶಿ ಮಾಲೀಕತ್ವದ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ನೋಟಿಸ್ ಯಾಕೆ ಬರುತ್ತದೆ ಎಂಬುದೂ ತಿಳಿಯುತ್ತದೆ.

ಹುಬ್ಬಳ್ಳಿಯಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿರುವವರು, ಧಾರವಾಡದ ಕಾನೂನು ವಿದ್ಯಾರ್ಥಿಗಳು, ಇಲ್ಲಿನ ಘಟಕಗಳ ಅಕೌಂಟ್ಸ್ ವಿಭಾಗದವರು ಈ ವಿಷಯವನ್ನು, ಅಂದರೆ ಒಂದೇ ಗುಂಪಿನ ಕಂಪನಿಗಳ ನಡುವಿನ ಬೆಲೆಯ (ಟ್ರಾನ್ಸ್‌ಫರ್ ಪ್ರೈಸಿಂಗ್) ಲೆಕ್ಕವನ್ನು, ಇಂಗ್ಲಿಷ್ ತೀರ್ಪುಗಳಲ್ಲೇ ಓದಬೇಕಾಗಿದೆ. ಅವರಿಗಾಗಿ ಇದನ್ನು ನಮ್ಮ ಸರಕಿನ ಲೆಕ್ಕದಲ್ಲೇ ಶುರು ಮಾಡೋಣ.

ಬ್ಯಾಡಗಿ ಪೇಟೆಯಲ್ಲಿ ಡಬ್ಬಿ ಮತ್ತು ಕಡ್ಡಿ ಮೆಣಸಿನಕಾಯಿ ಖರೀದಿಸಿ, ದ್ರಾವಕ ಬಳಸಿ ಅದರ ಬಣ್ಣದ ಸತ್ವ ತೆಗೆದು ರಫ್ತು ಮಾಡುವ ಘಟಕ ಒಂದಿದೆ ಎಂದು ಇಟ್ಟುಕೊಳ್ಳಿ. ಈ ಸತ್ವಕ್ಕೆ ವ್ಯಾಪಾರದಲ್ಲಿ ಓಲಿಯೋರೆಸಿನ್ ಎನ್ನುತ್ತಾರೆ. ಘಟಕದ ಮಾಲೀಕ ಒಂದು ವಿದೇಶಿ ಗುಂಪು. ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡಾಗಿ ಇಟ್ಟುಕೊಂಡವು. ಒಂದು ಕೆಜಿ ಸತ್ವಕ್ಕೆ ಒಟ್ಟು ಖರ್ಚು ₹3,000. ಘಟಕ ಅದನ್ನು ತನ್ನದೇ ಗುಂಪಿನ ಸಿಂಗಪುರದ ಕಂಪನಿಗೆ ₹3,150ಕ್ಕೆ ಮಾರುತ್ತದೆ. ಸಿಂಗಪುರದ ಕಂಪನಿ ಯುರೋಪಿನ ಆಹಾರ ಕಂಪನಿಗೆ ₹4,000ಕ್ಕೆ ಮಾರುತ್ತದೆ. ಡ್ರಮ್ಮುಗಳು ಸಿಂಗಪುರ ಕಾಣುವುದೇ ಇಲ್ಲ, ಇಲ್ಲಿಂದ ನೇರ ಯುರೋಪಿಗೆ ಹೋಗುತ್ತವೆ. ಸಿಂಗಪುರಕ್ಕೆ ಹೋಗುವುದು ಬಿಲ್ಲು ಮಾತ್ರ.

ಒಟ್ಟು ಲಾಭ ಕೆಜಿಗೆ ₹1,000. ಅದರಲ್ಲಿ ಭಾರತಕ್ಕೆ 150, ಸಿಂಗಪುರಕ್ಕೆ 850. ಇಡೀ ಸಾವಿರ ಇಲ್ಲೇ ಉಳಿದಿದ್ದರೆ, ಶೇ 22ರ ದರಕ್ಕೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಬರುವ ಶೇ 25.168ರ ಪ್ರಕಾರ ₹252 ತೆರಿಗೆ. ಈಗಿನ ಹಂಚಿಕೆಯಲ್ಲಿ ಭಾರತದಲ್ಲಿ ಕಟ್ಟುವುದು ₹38. ಸಿಂಗಪುರದ ಸಾಮಾನ್ಯ ದರ ಶೇ 17, ಆದರೆ ಅಲ್ಲಿನ ಸರಕಾರ ಅಂತರರಾಷ್ಟ್ರೀಯ ವ್ಯಾಪಾರ ಕಂಪನಿಗಳಿಗೆ ವಿಶೇಷ ಯೋಜನೆಯಲ್ಲಿ ಶೇ 5 ಅಥವಾ 10ರ ದರವನ್ನೂ ಕೊಡುತ್ತದೆ. ಶೇ 5 ಸಿಕ್ಕಿತೆಂದರೆ 850ರ ಮೇಲೆ ₹42.50. ಎರಡೂ ಕಡೆ ಸೇರಿ ₹80. ಎರಡು ದೇಶಗಳ ದರಪಟ್ಟಿಯಲ್ಲಿ ಒಂದಕ್ಷರ ಬದಲಾಗದೆ 252 ಹೋಗಿ 80 ಆಯಿತು.

ಇದು ಅಪರಾಧವಲ್ಲ. ಸಿಂಗಪುರದವರು ನಿಜವಾಗಿ ₹850ರಷ್ಟು ಕೆಲಸ ಮಾಡಿದ್ದರೆ ಅದು ಅವರ ಲಾಭವೇ. ಮಾಡಿದ್ದಾರೆಯೇ ಎಂಬುದೇ ಪ್ರಶ್ನೆ. ನಮ್ಮ ಆದಾಯ ತೆರಿಗೆ ಕಾಯ್ದೆಗೆ 2001ರ ಹಣಕಾಸು ಕಾಯ್ದೆ ಸೇರಿಸಿದ 92ರಿಂದ 92ಎಫ್‌ವರೆಗಿನ ಕಲಮುಗಳು ಕೇಳುವುದೂ ಇದನ್ನೇ: ಸಂಬಂಧವಿಲ್ಲದ ಇಬ್ಬರ ನಡುವೆ ಈ ವ್ಯವಹಾರ ಆಗಿದ್ದರೆ ಬೆಲೆ ಎಷ್ಟಿರುತ್ತಿತ್ತು? (ಇಲ್ಲಿರುವ ಕಲಮು, ಫಾರ್ಮ್ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸಂಖ್ಯೆಗಳು ಅದರಲ್ಲಿ ಬೇರೆ. ಅದಕ್ಕಿಂತ ಹಿಂದಿನ ವರ್ಷಗಳ ತಕರಾರು ಹಳೆಯ ಕಲಮುಗಳಲ್ಲೇ ನಡೆಯುತ್ತವೆ.)

ಬೆಂಗಳೂರಿನಲ್ಲಿ ಕೂರುವ ಟ್ರಾನ್ಸ್‌ಫರ್ ಪ್ರೈಸಿಂಗ್ ಅಧಿಕಾರಿ ಮೊದಲು ನೋಡುವುದು ಮೂರು: ಯಾರು ಏನು ಕೆಲಸ ಮಾಡಿದರು, ಯಾರ ಆಸ್ತಿ ಬಳಕೆಯಾಯಿತು, ನಷ್ಟದ ಹೊರೆ ಯಾರ ತಲೆಯ ಮೇಲಿತ್ತು. ಬ್ಯಾಡಗಿ ಪೇಟೆಯ ಇ-ಟೆಂಡರಿನಲ್ಲಿ ದರ ಹಾಕುವವರು ಯಾರು? ಬಣ್ಣದ ಮಟ್ಟ ಅಳೆದು ಈ ಲಾಟು ಬೇಕು, ಆ ಲಾಟು ಬೇಡ ಎನ್ನುವವರು ಯಾರು? ಕೋಲ್ಡ್ ಸ್ಟೋರೇಜಿನಲ್ಲಿ ಕೂತ ಮಾಲು ಯಾರ ಹೆಸರಿನಲ್ಲಿದೆ? 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿನಲ್ಲಿ ಬ್ಯಾಡಗಿ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಅಂಥ ಹಂಗಾಮಿನಲ್ಲಿ ಹೆಚ್ಚಿನ ದರಕ್ಕೆ ತುಂಬಿಟ್ಟುಕೊಂಡ ಮಾಲಿನ ನಷ್ಟ ಯಾವ ಕಂಪನಿಯ ಪುಸ್ತಕದಲ್ಲಿ ಬರೆಯಲಾಯಿತು? ಕರಾರುಪತ್ರದಲ್ಲಿ 'ಎಲ್ಲ ರಿಸ್ಕ್ ಸಿಂಗಪುರದ್ದು' ಎಂದು ಬರೆದು, ನಷ್ಟ ಮಾತ್ರ ಇಲ್ಲಿನ ಪುಸ್ತಕದಲ್ಲಿ ತೋರಿಸಿದ್ದರೆ ಪ್ರಕರಣ ಅಲ್ಲೇ ಅರ್ಧ ಸೋತಂತೆ.

ಆಮೇಲೆ ಹೋಲಿಕೆ. ಇದೇ ಬಗೆಯ ಕೆಲಸ ಮಾಡುವ ಸ್ವತಂತ್ರ ಕಂಪನಿಗಳನ್ನು ದತ್ತಾಂಶ ಕೋಶಗಳಿಂದ ಹೆಕ್ಕಿ, ಅವು ಖರ್ಚಿನ ಮೇಲೆ ಗಳಿಸುವ ಲಾಭವನ್ನು ಸಾಲಾಗಿ ಜೋಡಿಸುತ್ತಾರೆ. ಆರು ಅಥವಾ ಹೆಚ್ಚು ಕಂಪನಿ ಸಿಕ್ಕರೆ 35ನೇ ಪರ್ಸೆಂಟೈಲ್‌ನಿಂದ 65ನೆಯದರವರೆಗಿನ, ಅಂದರೆ ಸಾಲಿನ ಕೆಳಗಿನಿಂದ ಶೇ 35ರಿಂದ 65ರವರೆಗಿನ ಜಾಗದಲ್ಲಿ ಬೀಳುವ, ಪಟ್ಟಿ ಒಪ್ಪಿತ. ಅದರೊಳಗೆ ಬಿದ್ದರೆ ತಂಟೆಯಿಲ್ಲ. ಹೊರಗೆ ಬಿದ್ದರೆ ಪಟ್ಟಿಯ ಅಂಚಿಗೆ ತಂದು ಬಿಡುವುದಿಲ್ಲ, ಮಧ್ಯಾಂಕಕ್ಕೇ (ಸಾಲಿನ ನಟ್ಟನಡುವಿನ ಅಂಕಿಗೆ) ಎಳೆಯುತ್ತಾರೆ. ಆರಕ್ಕಿಂತ ಕಡಿಮೆ ಸಿಕ್ಕರೆ ಸರಾಸರಿ ಹಿಡಿಯುತ್ತಾರೆ, ಅದಕ್ಕೆ ಶೇ 3ರ, ಸಗಟು ವ್ಯಾಪಾರಕ್ಕಾದರೆ ಶೇ 1ರ ವಿನಾಯಿತಿ ಇದೆ.

ನಮ್ಮ ಘಟಕದ ಲಾಭ ಖರ್ಚಿನ ಮೇಲೆ ಶೇ 5. ಪಟ್ಟಿ 9ರಿಂದ 14, ಮಧ್ಯಾಂಕ 11 ಎಂದು ಬಂತೆನ್ನಿ. ಬೆಲೆ ₹3,330 ಇರಬೇಕಿತ್ತು ಎಂದಾಯಿತು. ಕೆಜಿಗೆ ₹180 ಹೆಚ್ಚುವರಿ ಆದಾಯ. ವರ್ಷಕ್ಕೆ 500 ಟನ್ ರಫ್ತಾದರೆ ₹9 ಕೋಟಿ, ಅದರ ಮೇಲೆ ತೆರಿಗೆ ₹2.27 ಕೋಟಿ, ಬಡ್ಡಿ ಬೇರೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಹೀಗೆ ಸೇರಿಸಿದ ಆದಾಯ, ಅಂದರೆ ಹೊಂದಾಣಿಕೆ, ₹1 ಕೋಟಿ ದಾಟಿ, ಕಂಪನಿ ಅದನ್ನು ಒಪ್ಪಿಕೊಂಡಿದ್ದರೆ, ಆ 9 ಕೋಟಿಯನ್ನು 90 ದಿನದೊಳಗೆ ಸಿಂಗಪುರದಿಂದ ನಿಜವಾಗಿ ತರಿಸಬೇಕು. ತರಿಸದಿದ್ದರೆ ಅದು ಕೊಟ್ಟ ಸಾಲವೆಂದು ಲೆಕ್ಕವಾಗಿ ಬಡ್ಡಿ ಆದಾಯ ಸೇರುತ್ತಾ ಹೋಗುತ್ತದೆ. ಇಲ್ಲವೇ ಒಂದೇ ಸಲ ಶೇ 18ರ ಹೆಚ್ಚುವರಿ ತೆರಿಗೆ, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್ ಕಟ್ಟಿ ಮುಗಿಸಬೇಕು.

ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಕಾಗದಪತ್ರದಲ್ಲಿ. ವಿದೇಶಿ ಸಹಕಂಪನಿಗಳ ಜತೆಗಿನ ವ್ಯವಹಾರ ವರ್ಷಕ್ಕೆ ₹1 ಕೋಟಿ ದಾಟಿದರೆ ನಿಯಮ 10ಡಿ ಪ್ರಕಾರ ಪೂರ್ತಿ ದಾಖಲೆ ಇಡಬೇಕು. ಇಡದಿದ್ದರೆ ದಂಡ ತೆರಿಗೆಯ ಶೇ 2 ಅಲ್ಲ, ವ್ಯವಹಾರದ ಮೊತ್ತದ ಶೇ 2. ಮೇಲಿನ ಉದಾಹರಣೆಯಲ್ಲಿ ವ್ಯವಹಾರ ₹157.5 ಕೋಟಿ, ದಂಡ ₹3.15 ಕೋಟಿ. ತೆರಿಗೆಗಿಂತ ದಂಡವೇ ದೊಡ್ಡದು.

ಈಗ ಆಪಲ್‌ನ ಶಾಖೆಯಿದ್ದ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋಗೋಣ. ಆಪಲ್ ಪ್ರಕರಣದಲ್ಲಿದ್ದವು ಎರಡು ಕಂಪನಿ: ಆಪಲ್ ಸೇಲ್ಸ್ ಇಂಟರ್‌ನ್ಯಾಷನಲ್ ಮತ್ತು ಆಪಲ್ ಆಪರೇಷನ್ಸ್ ಯುರೋಪ್. ಎರಡೂ ಐರ್ಲೆಂಡಿನಲ್ಲಿ ನೋಂದಾಯಿತ. ನಿರ್ವಹಣೆ ಹೊರದೇಶದಿಂದ ನಡೆದರೆ ಇಂಥ ಕಂಪನಿ ತೆರಿಗೆಗೆ ನಿವಾಸಿಯಲ್ಲ ಎಂದು ಆಗಿನ ಐರಿಷ್ ಕಾನೂನು ಹೇಳುತ್ತಿತ್ತು. ನೋಂದಣಿ ಎಲ್ಲಾಗಿದೆಯೋ ಅಲ್ಲಿನ ಕಂಪನಿ ಎಂದು ಅಮೆರಿಕದ ಕಾನೂನು ಹೇಳುತ್ತಿತ್ತು. ಹೀಗಾಗಿ ಅವು ತೆರಿಗೆಯ ಮಟ್ಟಿಗೆ ಯಾವ ದೇಶಕ್ಕೂ ಸೇರದೆ ಉಳಿದವು. ಯುರೋಪ್, ಮಧ್ಯಪ್ರಾಚ್ಯ, ಆಫ್ರಿಕಾ ಮತ್ತು ಭಾರತದ ಮಾರಾಟವೆಲ್ಲ ಸೇಲ್ಸ್ ಇಂಟರ್‌ನ್ಯಾಷನಲ್ ಪುಸ್ತಕದಲ್ಲಿ ದಾಖಲಾಗುತ್ತಿತ್ತು.

ಐರಿಷ್ ತೆರಿಗೆ ಇಲಾಖೆ 1991ರಲ್ಲಿ ಮತ್ತು 2007ರಲ್ಲಿ ಈ ಕಂಪನಿಗಳ ಲೆಕ್ಕದ ಸೂತ್ರವನ್ನು ಒಪ್ಪಿ ಪತ್ರ ಕೊಟ್ಟಿತು. 1991ರ ಸೂತ್ರವನ್ನು ಹತ್ತಿರದಿಂದ ನೋಡಬೇಕು. ಸೇಲ್ಸ್ ಇಂಟರ್‌ನ್ಯಾಷನಲ್‌ನ ಐರಿಷ್ ಶಾಖೆಯ ತೆರಿಗೆಯೋಗ್ಯ ಲಾಭ ಎಂದರೆ ಆ ಶಾಖೆಯ ಕಾರ್ಯನಿರ್ವಹಣಾ ಖರ್ಚಿನ ಶೇ 12.5, ಮರುಮಾರಾಟಕ್ಕೆ ಕೊಂಡ ಮಾಲಿನ ಖರ್ಚು ಬಿಟ್ಟು. ನೋಡಿ, ಸೂತ್ರದಲ್ಲಿ ಮಾರಾಟ ಎಂಬ ಅಂಶವೇ ಇಲ್ಲ. ಫೋನುಗಳ ಮಾರಾಟ ಹತ್ತು ಪಟ್ಟು ಏರಿದರೂ, ಕಾರ್ಕ್‌ನ ಸಂಬಳ, ಬಾಡಿಗೆ, ಕರೆಂಟು ಬಿಲ್ಲು ಏರದಿದ್ದರೆ ತೆರಿಗೆ ಏರುವುದಿಲ್ಲ. 2011ರಲ್ಲಿ ಈ ಕಂಪನಿಯ ಲಾಭ ಸುಮಾರು 1,600 ಕೋಟಿ ಯೂರೋ. ಐರ್ಲೆಂಡಿನಲ್ಲಿ ತೆರಿಗೆಗೆ ಸಿಕ್ಕಿದ್ದು ಸುಮಾರು 5 ಕೋಟಿ ಯೂರೋ. ಉಳಿದದ್ದೆಲ್ಲ ಕಾಗದದ ಮೇಲಿನ 'ಮುಖ್ಯ ಕಚೇರಿ'ಗೆ. ಆ ಮುಖ್ಯ ಕಚೇರಿಗೆ ಕಟ್ಟಡವಿರಲಿಲ್ಲ, ನೌಕರರಿರಲಿಲ್ಲ. ಆಗೀಗ ನಡೆಯುವ ನಿರ್ದೇಶಕರ ಸಭೆ ಇತ್ತು, ಅಷ್ಟೇ. ಹೀಗೆ 2003ರಲ್ಲಿ ಶೇ 1 ಇದ್ದ ವಾಸ್ತವ ದರ 2014ಕ್ಕೆ ಶೇ 0.005ಕ್ಕೆ ಇಳಿಯಿತು.

ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಆಯೋಗಕ್ಕೆ ಸದಸ್ಯ ದೇಶದ ತೆರಿಗೆ ದರದಲ್ಲಿ ಕೈ ಹಾಕುವ ಅಧಿಕಾರವಿಲ್ಲ. ಅದು ಹಿಡಿದದ್ದು ಸ್ಪರ್ಧಾ ಕಾನೂನಿನ ದಾರಿ: ಒಂದು ಕಂಪನಿಗೆ ಮಾತ್ರ ಸಿಕ್ಕ ರಿಯಾಯಿತಿ ಸರಕಾರದ ಅಕ್ರಮ ನೆರವು, ಅದನ್ನು ವಸೂಲು ಮಾಡಬೇಕು. 2016ರ ಆಗಸ್ಟ್ 30ರಂದು 1,300 ಕೋಟಿ ಯೂರೋ ಮತ್ತು ಬಡ್ಡಿ ವಸೂಲಿಗೆ ಆದೇಶವಾಯಿತು. ಹಣ ಪಡೆಯಬೇಕಾದ ಐರ್ಲೆಂಡೇ ಬೇಡವೆಂದು ಮೇಲ್ಮನವಿ ಹೋಯಿತು. ಇದರಲ್ಲಿ ವಿಚಿತ್ರವೇನಿಲ್ಲ. ತಾನು ಕೊಟ್ಟ ಪತ್ರ ಊರ್ಜಿತವಾಗಿರಬೇಕು ಎಂಬುದು ಆ ದೇಶದ ಬಂಡವಾಳ ನೀತಿಯ ಅಡಿಪಾಯವಾಗಿತ್ತು. 2018ರಲ್ಲಿ ಬಡ್ಡಿ ಸೇರಿ 1,430 ಕೋಟಿ ಯೂರೋ ಮೂರನೆಯವರ ಖಾತೆಯಲ್ಲಿ ಠೇವಣಿಯಾಯಿತು. 2020ರ ಜುಲೈನಲ್ಲಿ ಕೆಳಗಿನ ನ್ಯಾಯಾಲಯ ಆಯೋಗದ ಆದೇಶ ರದ್ದು ಮಾಡಿತು. 2024ರ ಸೆಪ್ಟೆಂಬರ್ 10ರಂದು ಯುರೋಪಿಯನ್ ನ್ಯಾಯಾಲಯ ಆ ತೀರ್ಪನ್ನೇ ತಳ್ಳಿಹಾಕಿ ಆಯೋಗದ ಆದೇಶವನ್ನು ಅಂತಿಮವಾಗಿ ಎತ್ತಿಹಿಡಿಯಿತು.

ಇಲ್ಲಿ ಓದುಗರಿಗೆ ಗೊಂದಲವಾಗುತ್ತದೆ. ಇದೇ ಆಯೋಗ ಫಿಯಟ್ ಪ್ರಕರಣವನ್ನು 2022ರ ನವೆಂಬರ್‌ನಲ್ಲಿ, ಅಮೆಜಾನ್‌ನ 25 ಕೋಟಿ ಯೂರೋ ಪ್ರಕರಣವನ್ನು 2023ರ ಡಿಸೆಂಬರ್‌ನಲ್ಲಿ ಸೋತಿತ್ತು. ಎರಡೂ ಲಕ್ಸೆಂಬರ್ಗ್‌ನವು. ಸ್ಟಾರ್‌ಬಕ್ಸ್ ಮತ್ತು ನೆದರ್ಲೆಂಡ್ಸ್ ಪ್ರಕರಣ 2019ರಲ್ಲೇ ಬಿದ್ದಿತ್ತು. ಹಾಗಾದರೆ ಆಪಲ್ ಮಾತ್ರ ಯಾಕೆ ಸೋತಿತು? ಫಿಯಟ್ ತೀರ್ಪು ಹೇಳಿದ್ದು ಇಷ್ಟು: ಒಂದು ದೇಶ ರಿಯಾಯಿತಿ ಕೊಟ್ಟಿದೆಯೇ ಎಂದು ಅಳೆಯಲು ಆ ದೇಶದ್ದೇ ಕಾನೂನು ಅಳತೆಗೋಲು. ಆಯೋಗ ತನ್ನದೇ ಕೋಲು ತರುವಂತಿಲ್ಲ. ಆಪಲ್ ಪ್ರಕರಣದಲ್ಲಿ ಅಳತೆಗೋಲು ಐರಿಷ್ ಕಾಯ್ದೆಯ 25ನೇ ಕಲಮು, ಅನಿವಾಸಿ ಕಂಪನಿಯ ಶಾಖೆಗೆ ಎಷ್ಟು ಲಾಭ ಸೇರಬೇಕು ಎಂದು ಹೇಳುವಂಥದ್ದು. ಅದನ್ನು ಸ್ವತಂತ್ರ ಕಂಪನಿಗಳ ಬೆಲೆಯ ತತ್ವದಂತೆಯೇ ಓದಬಹುದು ಎಂದು ಕೆಳಗಿನ ನ್ಯಾಯಾಲಯ 2020ರಲ್ಲೇ ಒಪ್ಪಿತ್ತು. ಒಟ್ಟು ಪ್ರಕರಣ ಗೆದ್ದಿದ್ದ ಆಪಲ್ ಮತ್ತು ಐರ್ಲೆಂಡ್ ಆ ಒಂದು ಅಂಶದ ಮೇಲೆ ಪ್ರತಿ ಮೇಲ್ಮನವಿ ಹಾಕಲಿಲ್ಲ. ಮೇಲಿನ ನ್ಯಾಯಾಲಯಕ್ಕೆ ಹೋಗುವಷ್ಟರಲ್ಲಿ ಆ ಬಾಗಿಲು ಮುಚ್ಚಿತ್ತು. ಉಳಿದದ್ದು ಒಂದೇ ಪ್ರಶ್ನೆ: ಪೇಟೆಂಟ್ ಮುಂತಾದ ಹಕ್ಕುಗಳ ಲಾಭ ನೌಕರರೇ ಇಲ್ಲದ ಮುಖ್ಯ ಕಚೇರಿಗೆ ಸೇರುತ್ತದೆಯೋ, ಕೆಲಸ ನಡೆದ ಶಾಖೆಗೋ? ಗೆದ್ದ ತೀರ್ಪಿನಲ್ಲೂ ತಮಗೆ ವಿರುದ್ಧವಾದ ಒಂದೊಂದು ವಾಕ್ಯವನ್ನೂ ಓದಿ ನೋಡಬೇಕು ಎನ್ನಲು ಧಾರವಾಡ ಪೀಠದಲ್ಲಿ ತೆರಿಗೆ ಮೇಲ್ಮನವಿ ನಡೆಸುವ ಕಿರಿಯ ವಕೀಲರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು.

ಭಾರತದ ದೊಡ್ಡ ತಕರಾರುಗಳು ಬೇರೆ ಜಾತಿಯವು. ಮೊಬೈಲ್ ಕಂಪನಿ ವೊಡಾಫೋನ್ 2007ರಲ್ಲಿ ಹಾಂಗ್‌ಕಾಂಗ್‌ನ ಕಂಪನಿ ಹಚಿಸನ್‌ನಿಂದ ಕೊಂಡದ್ದು ಕೇಮನ್ ದ್ವೀಪದ ಕಂಪನಿಯೊಂದರ ಒಂದೇ ಒಂದು ಷೇರು, ಸುಮಾರು 1,100 ಕೋಟಿ ಡಾಲರಿಗೆ. ಆ ಷೇರಿನ ಬೆನ್ನಿಗೆ ಇಲ್ಲಿನ ಮೊಬೈಲ್ ವ್ಯವಹಾರದ ಶೇ 67ರ ಹಿತಾಸಕ್ತಿ ಇತ್ತು. ಲಾಭ ಮಾಡಿದ್ದು ಹಚಿಸನ್, ನೋಟಿಸ್ ಬಂದದ್ದು ಕೊಂಡವರಿಗೆ: ಹಣ ಕೊಡುವಾಗ 195ನೇ ಕಲಮಿನಂತೆ ತೆರಿಗೆ ಯಾಕೆ ಹಿಡಿಯಲಿಲ್ಲ? 2012ರ ಜನವರಿ 20ರಂದು ಸುಪ್ರೀಂ ಕೋರ್ಟ್ ವೊಡಾಫೋನ್ ಪರ ತೀರ್ಪಿತ್ತಿತು. ಅದೇ ವರ್ಷ ಸರಕಾರ ಕಾಯ್ದೆಯ 9ನೇ ಕಲಮಿಗೆ ವಿವರಣೆ ಸೇರಿಸಿ, ಅದು 1962ರ ಏಪ್ರಿಲ್ 1ರಿಂದಲೇ ಇತ್ತು ಎಂದಿತು. ಅದೇ ತಿದ್ದುಪಡಿಯನ್ನು ಬ್ರಿಟನ್ನಿನ ತೈಲ ಕಂಪನಿ ಕೇರ್ನ್‌ನ 2006ರ ಷೇರು ವರ್ಗಾವಣೆಗೂ ಹಚ್ಚಿ ₹10,247 ಕೋಟಿ ಬೇಡಿಕೆ ಬಂತು. ಹೂಡಿಕೆ ರಕ್ಷಣಾ ಒಪ್ಪಂದಗಳಡಿ ನಡೆದ ಮಧ್ಯಸ್ಥಿಕೆಯಲ್ಲಿ ಭಾರತ 2020ರ ಸೆಪ್ಟೆಂಬರ್‌ನಲ್ಲಿ ಒಂದನ್ನು, ಡಿಸೆಂಬರ್‌ನಲ್ಲಿ ಇನ್ನೊಂದನ್ನು ಸೋತಿತು. ಕೇರ್ನ್ ಪ್ಯಾರಿಸ್‌ನಲ್ಲಿದ್ದ ಭಾರತ ಸರಕಾರದ ಆಸ್ತಿಗಳ ಮೇಲೆ ನ್ಯಾಯಾಲಯದ ಆದೇಶ ತಂದಿತು. 2021ರ ಆಗಸ್ಟ್‌ನಲ್ಲಿ ಸಂಸತ್ತು ಹಿಂದಿನ ದಿನಾಂಕದ ಬೇಡಿಕೆಗಳನ್ನು ಕೈಬಿಡುವ ಕಾಯ್ದೆ ಮಾಡಿತು, ಬಡ್ಡಿಯಿಲ್ಲದೆ ಅಸಲು ವಾಪಸು ಎಂಬ ಷರತ್ತಿನ ಮೇಲೆ. ಕೇರ್ನ್‌ಗೆ ಹಿಂತಿರುಗಿದ್ದು ಸುಮಾರು ₹7,900 ಕೋಟಿ.

ಕೇಮನ್ ದ್ವೀಪದ ಷೇರಿನ ಮೂಲಕ ಇಲ್ಲಿನ ಆಸ್ತಿ ಕೈಬದಲಾದರೆ ಇಲ್ಲಿ ತೆರಿಗೆ ಬೀಳಬೇಕು ಎಂಬ ತತ್ವ ಸರಿಯಾದದ್ದೇ. ಅದನ್ನು 50 ವರ್ಷ ಹಿಂದಕ್ಕೆ ಎಳೆದದ್ದು ತಪ್ಪು. ಮುಂದಿನ ದಿನಾಂಕದಿಂದ ಜಾರಿ ಮಾಡಿದ್ದರೆ ಇಷ್ಟು ವರ್ಷದ ವ್ಯಾಜ್ಯವೂ ಇರುತ್ತಿರಲಿಲ್ಲ, ಬೊಕ್ಕಸದಿಂದ ಹಣ ವಾಪಸು ಕೊಡುವ ಪ್ರಸಂಗವೂ ಬರುತ್ತಿರಲಿಲ್ಲ.

ಸರಕಾರ ಮತ್ತು ಕಂಪನಿ ಮೊದಲೇ ಕೂತು ಲೆಕ್ಕ ಒಪ್ಪಿಕೊಳ್ಳುವುದೇ ತಪ್ಪೆಂದು ಆಪಲ್ ಸುದ್ದಿ ಓದಿದವರಿಗೆ ಅನ್ನಿಸಬಹುದು. ಹಾಗೇನಿಲ್ಲ. 2012ರ ಜುಲೈನಿಂದ ನಮ್ಮಲ್ಲೂ ಮುಂಗಡ ಬೆಲೆ ಒಪ್ಪಂದ ಇದೆ, ಎಪಿಎ ಎಂದೇ ಎಲ್ಲರೂ ಕರೆಯುತ್ತಾರೆ. 2024-25ರಲ್ಲಿ 174 ಒಪ್ಪಂದಗಳಾದವು, ಒಟ್ಟು 815 ಮುಟ್ಟಿತು. ಐರಿಷ್ ಪತ್ರಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ಅಲ್ಲಿ 1991ರ ಸೂತ್ರ ಅವಧಿಯೇ ಇಲ್ಲದೆ 2007ರವರೆಗೆ ನಡೆಯಿತು. ಇಲ್ಲಿ ಒಪ್ಪಂದ ಗರಿಷ್ಠ 5 ವರ್ಷಕ್ಕೆ, ಬೇಕಿದ್ದರೆ ಹಿಂದಿನ 4 ವರ್ಷಕ್ಕೂ ಅನ್ವಯ. ಪ್ರತಿ ವರ್ಷ ಫಾರ್ಮ್ 3ಸಿಇಎಫ್‌ನಲ್ಲಿ ವರದಿ ಕೊಡಬೇಕು. ವ್ಯವಹಾರದ ಸ್ವರೂಪ ಬದಲಾದರೆ ಒಪ್ಪಂದ ಮರುಪರಿಶೀಲನೆಗೆ ಬರುತ್ತದೆ. ಅರ್ಜಿ ಶುಲ್ಕ, ವ್ಯವಹಾರ ₹100 ಕೋಟಿಯೊಳಗಿದ್ದರೆ 10 ಲಕ್ಷ, 200 ಕೋಟಿವರೆಗೆ 15 ಲಕ್ಷ, ಅದರ ಮೇಲೆ 20 ಲಕ್ಷ. ಅವಧಿ ಮತ್ತು ವಾರ್ಷಿಕ ವರದಿ ಎಂಬ ಎರಡೇ ಅಂಶ ಕಾರ್ಕ್‌ನ ಪತ್ರದಲ್ಲಿ ಇದ್ದಿದ್ದರೆ, ಮಾರಾಟ ಏರಿದ ಮೊದಲ ಕೆಲವು ವರ್ಷಗಳಲ್ಲೇ ಸೂತ್ರದ ದೋಷ ಎದ್ದು ಕಾಣುತ್ತಿತ್ತು.

75 ಕೋಟಿ ಯೂರೋ ವಹಿವಾಟು ದಾಟಿದ ಗುಂಪುಗಳಿಗೆ ಕನಿಷ್ಠ ಶೇ 15 ತೆರಿಗೆ ಎಂಬ 2021ರ ಅಂತರರಾಷ್ಟ್ರೀಯ ಒಪ್ಪಂದವನ್ನು ಐರ್ಲೆಂಡ್ 2024ರಿಂದ ಜಾರಿ ಮಾಡಿದೆ. ದರದ ಪೈಪೋಟಿಗೆ ಅದು ಕಡಿವಾಣ ಹಾಕೀತು. ಲಾಭ ಎಲ್ಲಿಯದು ಎಂಬ ಜಗಳ ಅದರಿಂದ ತೀರುವುದಿಲ್ಲ.

ಕಾರ್ಕ್‌ನ ಸೂತ್ರದ್ದೇ ಜಾಡು ಹುಬ್ಬಳ್ಳಿಯಲ್ಲೂ ಇದೆ. ವಿದೇಶಿ ಮಾತೃಸಂಸ್ಥೆಗಾಗಿ ಕೋಡ್ ಬರೆಯುವ ಇಲ್ಲಿನ ಘಟಕಗಳ ಬಿಲ್ಲು ಸಾಮಾನ್ಯವಾಗಿ ಖರ್ಚು ಮತ್ತು ಅದರ ಮೇಲೆ ಇಂತಿಷ್ಟು ಶೇಕಡಾ ಎಂಬ ಸೂತ್ರದ್ದು. ತಕರಾರೇ ಬೇಡ ಎನ್ನುವವರಿಗೆ ಸೇಫ್ ಹಾರ್ಬರ್ ಇದೆ. 2024-25 ಮತ್ತು 2025-26ರ ಹಣಕಾಸು ವರ್ಷಗಳಿಗೆ ಸಾಫ್ಟ್‌ವೇರ್ ಸೇವೆ ₹100 ಕೋಟಿವರೆಗಿದ್ದರೆ ಖರ್ಚಿನ ಮೇಲೆ ಶೇ 17, 300 ಕೋಟಿವರೆಗೆ ಶೇ 18 ತೋರಿಸಿದರೆ ಇಲಾಖೆ ಒಪ್ಪುತ್ತದೆ. ಆದರೆ ಸೇಫ್ ಹಾರ್ಬರ್ ಆಯ್ದುಕೊಂಡ ಮೇಲೆ ಎರಡು ಸರಕಾರಗಳ ನಡುವಿನ ಪರಸ್ಪರ ಒಪ್ಪಂದದ ದಾರಿ ಮುಚ್ಚಿತು. ಮಾತೃಸಂಸ್ಥೆಯ ದೇಶ ಆ 17 ಹೆಚ್ಚಾಯಿತು ಎಂದು ತಕರಾರು ತೆಗೆದರೆ ಅದೇ ಲಾಭಕ್ಕೆ ಎರಡು ಸಲ ತೆರಿಗೆ.

ಸೂತ್ರದ ಶೇಕಡಾ ಸರಿಯಿದ್ದೂ ಖರ್ಚಿನ ಪಟ್ಟಿ ಅಪೂರ್ಣವಾಗಿ ಸಿಕ್ಕಿಬೀಳುವವರೇ ಹೆಚ್ಚು. ಮಾತೃಸಂಸ್ಥೆ ಇಲ್ಲಿನ ಎಂಜಿನಿಯರುಗಳಿಗೆ ಕೊಟ್ಟ ಷೇರುಗಳ ಖರ್ಚು, ಪುಕ್ಕಟೆ ಕಳಿಸಿದ ಸರ್ವರು, ಅವರೇ ನೇರ ಕಟ್ಟಿದ ಲೈಸೆನ್ಸ್ ಶುಲ್ಕ, ಇವೆಲ್ಲ ಖರ್ಚಿನಲ್ಲಿ ಸೇರಬೇಕೇ ಎಂಬ ಪ್ರಶ್ನೆ ಏಳುತ್ತದೆ. ಬಿಲ್ಲಿನ ಹಣ ಕರಾರಿನ ಗಡುವು ಮೀರಿ ತಿಂಗಳುಗಟ್ಟಲೆ ಬಾಕಿ ಉಳಿದರೆ ಅದನ್ನು ಸಾಲವೆಂದು ಹಿಡಿದು ಬಡ್ಡಿ ಹಚ್ಚುತ್ತಾರೆ. ಸಂಶೋಧನಾ ಕೆಲಸವಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) 2013ರ 6ನೇ ಸುತ್ತೋಲೆ ಮುಂದಿಟ್ಟುಕೊಳ್ಳಿ. ಮುಖ್ಯ ನಿರ್ಧಾರ, ಹಣ ಮತ್ತು ರಿಸ್ಕಿನ ಮೇಲಿನ ಹಿಡಿತ ಮಾತೃಸಂಸ್ಥೆಯದ್ದೇ ಎಂದು ನಡತೆಯಿಂದ ತೋರಿಸಬೇಕು, ಕರಾರುಪತ್ರದ ಮಾತು ಸಾಲದು. ಯಾವ ಫೀಚರ್ ಕೈಬಿಡಬೇಕೆಂದು ನಿರ್ಧರಿಸಿದ ಇಮೇಲು ವಿದ್ಯಾನಗರದ ಕಚೇರಿಯಿಂದ ಹೊರಟಿದ್ದರೆ, ಅಧಿಕಾರಿ ಅದನ್ನೇ ಸಾಕ್ಷಿ ಮಾಡುತ್ತಾರೆ.

ಈ ವ್ಯವಹಾರಗಳ ಬಗ್ಗೆ ಲೆಕ್ಕಪರಿಶೋಧಕರು ಕೊಡುವ ವರದಿಯಾದ ಫಾರ್ಮ್ 3ಸಿಇಬಿಗೆ ₹1 ಕೋಟಿಯ ಮಿತಿಯಿಲ್ಲ, ವಿದೇಶಿ ಸಹಕಂಪನಿಯ ಜತೆ ಒಂದು ರೂಪಾಯಿ ವ್ಯವಹಾರವಿದ್ದರೂ ಕೊಡಬೇಕು, ಅಕ್ಟೋಬರ್ 31ರೊಳಗೆ. ರಿಟರ್ನ್ ನವೆಂಬರ್ 30ಕ್ಕೆ. ದಾಖಲೆಗಳನ್ನು 8 ವರ್ಷ ಇಡಬೇಕು. ಕರಡು ಆದೇಶ ಕೈಸೇರಿದ ಮೇಲೆ ವಿವಾದ ಪರಿಹಾರ ಸಮಿತಿಗೆ ಆಕ್ಷೇಪಣೆ ಸಲ್ಲಿಸಲು 30 ದಿನ ಮಾತ್ರ. ಈ ಗಡುವು ತಪ್ಪಿದರೆ ಕರಡಿನಲ್ಲಿದ್ದ ಮೊತ್ತವೇ ಅಂತಿಮ ಆದೇಶಕ್ಕೆ ಬಂದು, ಬೇಡಿಕೆಯ ನೋಟಿಸ್ ಅದರ ಜತೆಗೇ ಬರುತ್ತದೆ.